ಮಗುವಿನ ಕಣ್ಣೀರಿಗೆ ನಗುವವರು

ಸಹೋದರಿ, ಒಂದು ದೃಶ್ಯವನ್ನು ನಿಮ್ಮ ಮುಂದಿಡುತ್ತೇನೆ. ಅಮೆರಿಕದ ಒಂದು ಮನೆ. ಐದಾರು ವರ್ಷದ ಮಗು ಕಣ್ಣುಜ್ಜುತ್ತಾ ಎದ್ದು ಬರುತ್ತದೆ. ಹಿಂದಿನ ಸಂಜೆ ಹ್ಯಾಲೋವೀನ್. ಆ ದಿನ ಅಲ್ಲಿನ ಮಕ್ಕಳು ವೇಷ ತೊಟ್ಟು ನೆರೆಮನೆಗಳ ಬಾಗಿಲು ತಟ್ಟಿ ಮಿಠಾಯಿ ಕೇಳಿ ಪಡೆಯುವುದು ವಾಡಿಕೆ. ಈ ಮಗುವೂ ಕಾಲು ನೋಯುವಷ್ಟು ಅಲೆದು, ಚೀಲ ತುಂಬಿಸಿಕೊಂಡು ಬಂದು, ಅದನ್ನು ಮನೆಯಲ್ಲಿಟ್ಟು ನಿಶ್ಚಿಂತೆಯಿಂದ ಮಲಗಿತ್ತು. ಈಗ ತಾಯಿ ಮುಖ ಸಪ್ಪಗೆ ಮಾಡಿಕೊಂಡು, ರಾತ್ರಿ ಹಸಿವಾಯಿತೆಂದೂ ಆ ಮಿಠಾಯಿಯನ್ನೆಲ್ಲ ತಾವೇ ತಿಂದು ಮುಗಿಸಿದೆವೆಂದೂ ಹೇಳುತ್ತಾಳೆ. ಮಗುವಿನ ತುಟಿ ನಡುಗುತ್ತದೆ. ಕಣ್ಣು ತುಂಬುತ್ತದೆ. ಮರುಕ್ಷಣ ನೆಲದ ಮೇಲೆ ಬಿದ್ದು ಹೊರಳಾಡಿ ಅಳತೊಡಗುತ್ತದೆ. ತಾಯಿ ಮಾತ್ರ ಅದನ್ನು ಎತ್ತಿಕೊಳ್ಳುವುದಿಲ್ಲ. ಅವಳ ಕೈಯಲ್ಲಿ ಕ್ಯಾಮೆರಾ ಇದೆ!

ಇದು ಎಲ್ಲೋ ಒಂದು ಮನೆಯಲ್ಲಿ ನಡೆದ ಘಟನೆಯಲ್ಲ. ಎಬಿಸಿ ಎಂಬ ಟಿವಿ ವಾಹಿನಿಯ ನಿರೂಪಕ ಜಿಮ್ಮಿ ಕಿಮ್ಮೆಲ್ 2011ರಲ್ಲಿ ತನ್ನ ವೀಕ್ಷಕರಿಗೆ ಹೀಗೊಂದು ಕೆಲಸ ಕೊಟ್ಟ: ನಿಮ್ಮ ಮಕ್ಕಳಿಗೆ ಮಿಠಾಯಿಯೆಲ್ಲ ತಿಂದು ಮುಗಿಸಿದೆವೆಂದು ಸುಳ್ಳು ಹೇಳಿ, ಅವರ ಮುಖಭಾವವನ್ನು ಚಿತ್ರೀಕರಿಸಿ ಕಳುಹಿಸಿ. ತಂದೆ ತಾಯಂದಿರು ನಾ ಮುಂದು ತಾ ಮುಂದು ಎಂದು ಕಳುಹಿಸಿದರು. ಅಳುವ ಮಕ್ಕಳ ಚಿತ್ರಗಳನ್ನು ಒಂದರ ಹಿಂದೊಂದು ಜೋಡಿಸಿ ತೋರಿಸಲಾಯಿತು. ಸ್ಟುಡಿಯೋದಲ್ಲಿ ನಗೆಯ ಅಲೆ ಎದ್ದಿತು. ಯೂಟ್ಯೂಬ್‌ನಲ್ಲಿ ಅದನ್ನು ಕೋಟ್ಯಂತರ ಸಲ ನೋಡಲಾಯಿತು. ಮುಂದಿನ ವರ್ಷಗಳಲ್ಲೂ ಅದೇ ತಮಾಷೆ ಪುನರಾವರ್ತನೆಯಾಯಿತು.

ಆ ಚಿತ್ರಗಳಲ್ಲಿ ಎಲ್ಲ ಮಕ್ಕಳೂ ಅಳುವುದಿಲ್ಲ. ಕೆಲವರು ಸಿಟ್ಟಿಗೇಳುತ್ತಾರೆ, ಕೆಲವರು ಬೈಯುತ್ತಾರೆ. ಅಲ್ಲೊಂದು ಇಲ್ಲೊಂದು ಮಗು, ಪರವಾಗಿಲ್ಲ ಬಿಡಿ ಎಂದು ತಾಯಿಯನ್ನೇ ಸಮಾಧಾನಪಡಿಸುತ್ತದೆ. ಅಳುವ ಮಗುವಿಗಿಂತಲೂ ಈ ಮಗುವನ್ನು ನೋಡಿದಾಗ ನಮ್ಮ ಕರುಳು ಚುರುಕ್ ಎನ್ನಬೇಕು. ಏಕೆಂದರೆ ಅದು ತನ್ನದೆಲ್ಲವನ್ನೂ ಕಳೆದುಕೊಂಡೆನೆಂದು ನಂಬಿದ ಕ್ಷಣದಲ್ಲಿ, ಕಳೆದವರನ್ನೇ ಕ್ಷಮಿಸುತ್ತಿದೆ. ಆ ಕ್ಷಮೆಯನ್ನು ಪಡೆದ ತಾಯಿ ಕ್ಯಾಮೆರಾದ ಹಿಂದೆ ನಗು ತಡೆಯಲು ಹೆಣಗುತ್ತಿರುತ್ತಾಳೆ!

ಇದರಲ್ಲಿ ಅಂಥ ತಪ್ಪೇನಿದೆ, ಕೊನೆಗೆ ಮಿಠಾಯಿ ಕೊಟ್ಟೇ ಕೊಡುತ್ತಾರಲ್ಲ ಎಂದು ನೀವು ಕೇಳಬಹುದು. ಕೊಡುತ್ತಾರೆ, ನಿಜ. ಆದರೆ ಆ ಬೆಳಿಗ್ಗೆ ಮಗು ಕಳೆದುಕೊಂಡದ್ದು ಮಿಠಾಯಿಯನ್ನು ಮಾತ್ರವೇ? ಈ ಪ್ರಶ್ನೆಯನ್ನು ಸ್ವಲ್ಪ ಸಮಾಧಾನದಿಂದ ಯೋಚಿಸೋಣ.

ಗುಪ್ತ ಕ್ಯಾಮೆರಾದ ಕಥೆ

ಕ್ಯಾಮೆರಾವನ್ನು ಅಡಗಿಸಿಟ್ಟು ಜನರನ್ನು ಪೇಚಿಗೆ ಸಿಲುಕಿಸುವ ಕಾರ್ಯಕ್ರಮಗಳು ಇಂದು ನಿನ್ನೆಯವಲ್ಲ. ಇದರ ಮೂಲಪುರುಷ ಅಮೆರಿಕದ ಆ್ಯಲೆನ್ ಫಂಟ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅವನು ಸೇನೆಯಲ್ಲಿದ್ದ. ಊರಿಗೆ ಕಳುಹಿಸಲೆಂದು ಸೈನಿಕರ ಮಾತುಗಳನ್ನು ಧ್ವನಿಮುದ್ರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಮುದ್ರಣ ಆರಂಭವಾಯಿತೆಂದು ಸೂಚಿಸುವ ಕೆಂಪು ದೀಪ ಹೊತ್ತಿಕೊಂಡೊಡನೆ, ಅದುವರೆಗೆ ಹರಟುತ್ತಿದ್ದ ಸೈನಿಕರ ನಾಲಗೆ ಕಟ್ಟಿಹೋಗುತ್ತಿತ್ತು. ಫಂಟ್ ಆ ದೀಪದ ಸಂಪರ್ಕವನ್ನೇ ಕಿತ್ತುಹಾಕಿದ. ಸೈನಿಕರು ಮನಬಿಚ್ಚಿ ಮಾತಾಡಿದರು. ತಾನು ಗಮನಿಸಲ್ಪಡುತ್ತಿದ್ದೇನೆಂದು ತಿಳಿಯದಿದ್ದಾಗ ಮನುಷ್ಯ ತನ್ನ ನಿಜ ಸ್ವರೂಪದಲ್ಲಿರುತ್ತಾನೆ ಎಂಬ ಪಾಠ ಅವನಿಗೆ ಸಿಕ್ಕಿತು.

ಈ ಪಾಠವೇ ಅವನ ಬಂಡವಾಳವಾಯಿತು. 1947ರಲ್ಲಿ ರೇಡಿಯೋದಲ್ಲಿ 'ಕ್ಯಾಂಡಿಡ್ ಮೈಕ್ರೋಫೋನ್' ಆರಂಭವಾಯಿತು. 1948ರಲ್ಲಿ ಅದು ಟಿವಿಗೆ ಬಂದು, ಮುಂದೆ 'ಕ್ಯಾಂಡಿಡ್ ಕ್ಯಾಮೆರಾ' ಎಂಬ ಹೆಸರಿನಲ್ಲಿ ಮನೆಮಾತಾಯಿತು. 1960ರಿಂದ 1967ರವರೆಗೆ ಸಿಬಿಎಸ್ ವಾಹಿನಿಯಲ್ಲಿ ಅದು ಅಮೆರಿಕದ ಅತ್ಯಂತ ಜನಪ್ರಿಯ ಕಾರ್ಯಕ್ರಮಗಳಲ್ಲಿ ಒಂದಾಗಿತ್ತು. ಪೇಚಿಗೆ ಸಿಲುಕಿದವನಿಗೆ ಕೊನೆಯಲ್ಲಿ ಕ್ಯಾಮೆರಾ ಇರುವ ಜಾಗವನ್ನು ತೋರಿಸಿ, ನಗಿ ಎನ್ನುವುದು ಅದರ ಪದ್ಧತಿ.

ಆಮೇಲೆ ಇದರ ಮರಿಗಳು ಎಲ್ಲ ದೇಶಗಳಲ್ಲೂ ಹುಟ್ಟಿಕೊಂಡವು. ನಮ್ಮಲ್ಲಿ ಎಂಟಿವಿಯಲ್ಲಿ ಸೈರಸ್ ಬರೋಚಾ ನಡೆಸಿಕೊಟ್ಟ 'ಬಕ್ರಾ' ಎಷ್ಟು ಹೆಸರಾಯಿತೆಂದರೆ, ಯಾರನ್ನಾದರೂ ಮೋಸಗೊಳಿಸಿ ನಗುವುದಕ್ಕೆ 'ಬಕ್ರಾ ಮಾಡುವುದು' ಎಂಬ ಮಾತೇ ಯುವಕರ ಬಾಯಲ್ಲಿ ನೆಲೆಯಾಯಿತು. ಕೆನಡಾದ ಮಾಂಟ್ರಿಯಲ್‌ನಲ್ಲಿ 2000ದಲ್ಲಿ ಆರಂಭವಾದ 'ಜಸ್ಟ್ ಫಾರ್ ಲಾಫ್ಸ್ ಗ್ಯಾಗ್ಸ್' ಎಂಬುದರಲ್ಲಿ ಮಾತೇ ಇಲ್ಲ. ಭಾಷೆಯ ಹಂಗಿಲ್ಲದ್ದರಿಂದ ಅದು ನೂರಕ್ಕೂ ಹೆಚ್ಚು ದೇಶಗಳಿಗೂ ವಿಮಾನಗಳ ಪರದೆಗೂ ಹೋಯಿತು. ಗಲ್ಫ್‌ನಲ್ಲಿರುವ ಸಹೋದರಿಯರಿಗೆ ಈಜಿಪ್ಟಿನ ರಾಮೆಝ್ ಜಲಾಲ್‌ನ ಪರಿಚಯವಿರಬಹುದು. ರಮಝಾನ್ ತಿಂಗಳಲ್ಲಿ ಅರಬ್ ವಾಹಿನಿಗಳಲ್ಲಿ ಪ್ರಸಾರವಾಗುವ ಆತನ ಕಾರ್ಯಕ್ರಮದಲ್ಲಿ ಖ್ಯಾತ ನಟ ನಟಿಯರನ್ನು ಬೆಂಕಿ, ಸಿಂಹ, ಶಾರ್ಕ್‌ಗಳಿಂದ ಹೆದರಿಸಲಾಗುತ್ತದೆ. 2017ರಲ್ಲಿ ಶಾರೂಖ್ ಖಾನ್ ಕೂಡಾ ಮರುಭೂಮಿಯಲ್ಲಿ ಅವನ ಬಲೆಗೆ ಬಿದ್ದದ್ದನ್ನು ತೋರಿಸಲಾಗಿತ್ತು.

ಇವೆಲ್ಲ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ಇಲ್ಲಿ ಸಿಲುಕಿದವರು ಬೆಳೆದ ಮನುಷ್ಯರು ಎಂಬುದನ್ನು ಗಮನಿಸಿ. ಸಿಟ್ಟು ಬಂದರೆ ಬೈಯಬಲ್ಲರು. ಬೇಡವೆಂದು ಎದ್ದು ಹೋಗಬಲ್ಲರು. ಪ್ರಸಾರ ಮಾಡಬೇಡಿ, ಕೋರ್ಟಿಗೆ ಹೋಗುತ್ತೇನೆ ಎಂದು ಹೇಳಬಲ್ಲರು. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾಮೆರಾ ತೋರಿಸಿದ ಕೂಡಲೇ ನಡೆದದ್ದೇನು ಎಂಬುದು ಅವರಿಗೆ ಪೂರ್ತಿ ಅರ್ಥವಾಗುತ್ತದೆ. ಐದು ವರ್ಷದ ಮಗುವಿಗೆ ಇವುಗಳಲ್ಲಿ ಯಾವುದು ಸಾಧ್ಯ? ದೊಡ್ಡವರನ್ನು ಪೇಚಿಗೆ ಸಿಲುಕಿಸುವವನು ಅಪರಿಚಿತ. ಮಗುವನ್ನು ಸಿಲುಕಿಸುವವರು ಅದರ ತಂದೆ ತಾಯಿ. ಹೆದರಿದ ದೊಡ್ಡವನು ಮನೆಗೆ ಓಡಬಹುದು. ಹೆದರಿಸಿದವಳು ತಾಯಿಯೇ ಆದರೆ ಮಗು ಓಡುವುದಾದರೂ ಎಲ್ಲಿಗೆ?

ಮಗು ಓದುವ ಮೊದಲ ಪುಸ್ತಕ

ಮಗು ಅಕ್ಷರ ಕಲಿಯುವ ಎಷ್ಟೋ ಮೊದಲೇ ಒಂದು ಪುಸ್ತಕವನ್ನು ಓದಲು ಕಲಿತಿರುತ್ತದೆ. ಅದು ತಾಯಿಯ ಮುಖ. ಮನೆಗೆ ಹೊಸಬರು ಬಂದಾಗ ಎಂಟು ಹತ್ತು ತಿಂಗಳ ಕೂಸು ಏನು ಮಾಡುತ್ತದೆಂದು ನೀವೇ ನೋಡಿರುತ್ತೀರಿ. ಮೊದಲು ಅವರ ಮುಖ ನೋಡುತ್ತದೆ, ತಟಕ್ಕನೆ ತಿರುಗಿ ನಿಮ್ಮ ಮುಖ ನೋಡುತ್ತದೆ. ನೀವು ನಗುತ್ತಿದ್ದರೆ ಅದಕ್ಕೂ ಧೈರ್ಯ.

ಇದನ್ನು ಮನೋವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. 1985ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಪ್ರಸಿದ್ಧವಾಗಿದೆ. ಒಂದು ದೊಡ್ಡ ಗಾಜಿನ ಮೇಜು. ಅದರ ಅರ್ಧ ಭಾಗದಲ್ಲಿ ಗಾಜಿನ ಕೆಳಗೇ ಹಲಗೆಯಿದೆ. ಉಳಿದರ್ಧದಲ್ಲಿ ಹಲಗೆ ಕೆಳಕ್ಕಿಳಿದಿರುವುದರಿಂದ ಅಲ್ಲೊಂದು ತಗ್ಗು ಇರುವಂತೆ ಕಾಣುತ್ತದೆ. ಒಂದು ವರ್ಷದ ಮಕ್ಕಳನ್ನು ಈ ಬದಿಯಲ್ಲಿ ಬಿಟ್ಟು, ಆ ಬದಿಯಲ್ಲಿ ತಾಯಿಯನ್ನು ನಿಲ್ಲಿಸಿದರು. ಅಂಬೆಗಾಲಿಟ್ಟು ಹೊರಟ ಮಗು ತಗ್ಗು ಕಂಡಾಗ ನಿಲ್ಲುತ್ತದೆ, ತಲೆಯೆತ್ತಿ ತಾಯಿಯ ಮುಖ ನೋಡುತ್ತದೆ. ತಾಯಿ ಸಂತೋಷದ ಮುಖ ತೋರಿದಾಗ 19 ಮಕ್ಕಳಲ್ಲಿ 14 ಮಕ್ಕಳು ತಗ್ಗನ್ನು ದಾಟಿ ಬಂದವು. ತಾಯಿ ಭಯದ ಮುಖ ತೋರಿದಾಗ 17 ಮಕ್ಕಳಲ್ಲಿ ಒಂದಾದರೂ ದಾಟಲಿಲ್ಲ!

ಯೋಚಿಸಿ ನೋಡಿ. ಕಾಲ ಕೆಳಗಿನ ನೆಲವನ್ನು ನಂಬಬೇಕೋ ಬೇಡವೋ ಎಂಬುದನ್ನು ಮಗು ತನ್ನ ಕಣ್ಣಿನಿಂದಲ್ಲ, ತಾಯಿಯ ಮುಖದಿಂದ ತೀರ್ಮಾನಿಸುತ್ತದೆ. ಇಂಥ ಮುಖವನ್ನು ತಮಾಷೆಗಾಗಿ ಸುಳ್ಳು ಮಾಡಬಹುದೇ? ಹುಳ ಬಿತ್ತು, ಹಾವು ಬಂತು, ಅಪ್ಪ ಇನ್ನು ಬರುವುದಿಲ್ಲ ಎಂದು ಗಂಭೀರ ಮುಖ ಮಾಡಿ ಹೇಳಿ, ಮಗು ಕಿರುಚಿದಾಗ ನಕ್ಕುಬಿಟ್ಟರೆ, ಅದು ಆ ಪುಸ್ತಕವನ್ನು ಇನ್ನು ಹೇಗೆ ಓದಬೇಕು?

ಇನ್ನೊಂದು ಅಧ್ಯಯನ 2014ರಲ್ಲಿ ಪ್ರಕಟವಾದದ್ದು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 3ರಿಂದ 7 ವರ್ಷದ 186 ಮಕ್ಕಳನ್ನು ಪರೀಕ್ಷಿಸಿದರು. ಕಾಕತಾಳೀಯವೆಂಬಂತೆ ಇಲ್ಲೂ ಮಿಠಾಯಿಯದೇ ಸುಳ್ಳು. ಅರ್ಧದಷ್ಟು ಮಕ್ಕಳಿಗೆ, ಪಕ್ಕದ ಕೋಣೆಯಲ್ಲಿ ಬಟ್ಟಲು ತುಂಬ ಮಿಠಾಯಿ ಇದೆ ಎಂದು ಹೇಳಿ, ಆಮೇಲೆ ಅದು ಬರೀ ಸುಳ್ಳು, ನಿನ್ನನ್ನು ಆಟಕ್ಕೆ ಕರೆತರಲು ಹೇಳಿದ್ದು ಎಂದು ತಿಳಿಸಿದರು. ಉಳಿದ ಮಕ್ಕಳಿಗೆ ಸುಳ್ಳು ಹೇಳಲಿಲ್ಲ. ಬಳಿಕ ಒಂದು ಆಟಿಕೆಯನ್ನು ಮಗುವಿನ ಹಿಂದೆ ಇಟ್ಟು, ತಿರುಗಿ ನೋಡಬಾರದೆಂದು ಹೇಳಿ ದೊಡ್ಡವರು ಹೊರಗೆ ಹೋದರು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ, ಸುಳ್ಳು ಕೇಳದವರ ಪೈಕಿ ಶೇ. 60ರಷ್ಟು ತಿರುಗಿ ನೋಡಿದರು. ನೋಡಿದವರಲ್ಲಿ ಶೇ. 60ರಷ್ಟು, ನೋಡಿಲ್ಲವೆಂದು ಸುಳ್ಳಾಡಿದರು. ಮೊದಲೇ ಸುಳ್ಳು ಕೇಳಿದ್ದ ಮಕ್ಕಳಲ್ಲಿ ಹೆಚ್ಚು ಕಡಿಮೆ ಶೇ. 80ರಷ್ಟು ತಿರುಗಿ ನೋಡಿದರು. ಅವರಲ್ಲಿ ಸುಳ್ಳಾಡಿದವರು ಶೇ. 90ರ ಸಮೀಪ!

ಈ ಮಕ್ಕಳು ಕೆಟ್ಟವರಾಗಿರಲಿಲ್ಲ. ದೊಡ್ಡವರು ತಮ್ಮ ಮಾತಿಗೆ ಇಟ್ಟ ಬೆಲೆಯನ್ನೇ ಅವರೂ ಇಟ್ಟರು, ಅಷ್ಟೇ. ಮಕ್ಕಳು ಸುಳ್ಳು ಹೇಳುತ್ತಾರೆಂದು ದೂರುವ ಮೊದಲು, ಮನೆಯಲ್ಲಿ ಮಕ್ಕಳಿಗೆ ಎಷ್ಟು ಸುಳ್ಳು ಹೇಳಲಾಗುತ್ತಿದೆ ಎಂಬ ಲೆಕ್ಕವನ್ನು ನಾವೂ ಇಟ್ಟುಕೊಳ್ಳಬೇಡವೇ?

ತೋಳ ಬಂತು ತೋಳ

ಕುರಿ ಕಾಯುವ ಹುಡುಗನ ಕಥೆ ನಿಮಗೆ ಗೊತ್ತು. ಅದರ ಇನ್ನೊಂದು ಆವೃತ್ತಿ ಆಕಾಶದಲ್ಲೇ ನಡೆಯಿತು. 1969ರ ಫೆಬ್ರವರಿ 3ರಂದು ನ್ಯೂವಾರ್ಕ್‌ನಿಂದ ಮಿಯಾಮಿಗೆ ಹೊರಟಿದ್ದ ಅಮೆರಿಕದ ವಿಮಾನವನ್ನು ಅಪಹರಿಸಿ ಕ್ಯೂಬಾ ದೇಶದತ್ತ ತಿರುಗಿಸಲಾಯಿತು. ಅದರಲ್ಲಿ ಹೆಂಡತಿ ಮಕ್ಕಳೊಂದಿಗೆ ಪ್ರಯಾಣಿಸುತ್ತಿದ್ದ ಒಬ್ಬ ವ್ಯಕ್ತಿ ಸ್ವತಃ ಆ್ಯಲೆನ್ ಫಂಟ್! ಅವನ ಮುಖ ನೋಡಿದ ಪ್ರಯಾಣಿಕರಿಗೆ ಇದೂ ಅವನದೇ ನಾಟಕ ಎನಿಸಿತು. ಅಪಹರಣ ನಿಜ ಎಂದು ಅವನು ಹೇಳಿದರೆ ನಂಬುವವರಿಲ್ಲ. ವಿಮಾನ ಹವಾನಾದಲ್ಲಿ ಇಳಿದ ಮೇಲೆಯೇ ಅವರಿಗೆ ಸತ್ಯ ತಿಳಿದದ್ದು. ಅದೃಷ್ಟಕ್ಕೆ ಎಲ್ಲರೂ ಸುರಕ್ಷಿತವಾಗಿ ಹಿಂದಿರುಗಿದರು.

ಇದನ್ನು ಓದಿದರೆ ನಗು ಬರುತ್ತದೆ. ಆದರೆ ಇದೇ ವಿಮಾನವನ್ನು ಒಂದು ಮನೆಯೆಂದು ಭಾವಿಸಿ. ದಿನಕ್ಕೊಂದು ಸುಳ್ಳು ಗಾಬರಿ ಹುಟ್ಟಿಸುವ ತಂದೆ, ಒಂದು ದಿನ ನಿಜವಾಗಿ "ಅಲ್ಲಿಗೆ ಹೋಗಬೇಡ, ಅಪಾಯ" ಎಂದು ಕೂಗಿದರೆ ಮಗು ನಿಲ್ಲುತ್ತದೆಯೇ? ಇದು ಒಂದು ಮುಖ. ಇನ್ನೊಂದು ಮುಖ ಇನ್ನೂ ಗಂಭೀರವಾದದ್ದು. ಹೆದರಿ ಅತ್ತಾಗಲೆಲ್ಲ ಮನೆಯವರು ನಕ್ಕರೆ, ತನ್ನ ಭಯ ನಗೆಪಾಟಲಿನ ವಸ್ತು ಎಂದು ಮಗು ಕಲಿಯುತ್ತದೆ. ನಾಳೆ ಶಾಲೆಯ ದಾರಿಯಲ್ಲೋ ನೆರೆಮನೆಯಲ್ಲೋ ಯಾರಾದರೂ ಅದನ್ನು ನಿಜವಾಗಿ ಹೆದರಿಸಿದರೆ, ಮುಟ್ಟಬಾರದಂತೆ ಮುಟ್ಟಿದರೆ, ಅದು ಓಡಿ ಬಂದು ಹೇಳಬೇಕಾದದ್ದು ನಿಮ್ಮ ಬಳಿ. ಮಕ್ಕಳಿಗೆ ಕೇಡು ಮಾಡುವವರು ನೆಚ್ಚಿಕೊಳ್ಳುವುದು ಮಗು ಬಾಯಿ ಬಿಡುವುದಿಲ್ಲ ಎಂಬುದನ್ನೇ. ಹೇಳಿದರೆ ಉಮ್ಮ ನಗುತ್ತಾಳೆ ಎಂದು ತಿಳಿದ ಮಗು ಬಾಯಿ ಬಿಡುವುದೇ? ಆ ಒಂದು ದಿನಕ್ಕಾಗಿಯಾದರೂ, ಮಗುವಿನ ಭಯವನ್ನು ಭಯವೆಂದೇ ಕೇಳುವ ಅಭ್ಯಾಸ ಮನೆಯಲ್ಲಿರಬೇಕು.

ಟಿವಿಯಿಂದ ಅಂಗೈಗೆ

ಹಿಂದೆ ಇಂಥ ಕಾರ್ಯಕ್ರಮ ಮಾಡಬೇಕಾದರೆ ವಾಹಿನಿ ಬೇಕು, ತಂಡ ಬೇಕು, ಕ್ಯಾಮೆರಾ ಅಡಗಿಸಲು ಜಾಗ ಬೇಕು. ಈಗ ಮೊಬೈಲ್ ಸಾಕು. ಮಗುವಿನ ಮುಂದೆಯೇ ಹಿಡಿದರೂ ಅದು ಗುಪ್ತ ಕ್ಯಾಮೆರಾವೇ. ಏಕೆಂದರೆ ಅದು ಏತಕ್ಕೆ, ಆ ಚಿತ್ರ ಎಲ್ಲಿಗೆ ಹೋಗುತ್ತದೆ ಎಂಬುದು ಮಗುವಿಗೆ ಗೊತ್ತಿಲ್ಲ.

ಇದು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಒಂದು ಪ್ರಕರಣ ಸಾಕ್ಷಿ. ಅಲ್ಲಿನ ದಂಪತಿ ತಮ್ಮ ಮಕ್ಕಳ ಮೇಲೆ ನಡೆಸುತ್ತಿದ್ದ 'ತಮಾಷೆ'ಗಳ ಯೂಟ್ಯೂಬ್ ಚಾನೆಲ್‌ಗೆ ಲಕ್ಷಾಂತರ ಚಂದಾದಾರರಿದ್ದರು. ಒಮ್ಮೆ ಅವರು ಮಾಯವಾಗುವ ಶಾಯಿಯನ್ನು ಮಗುವಿನ ಕೋಣೆಯ ನೆಲಹಾಸಿನ ಮೇಲೆ ಚೆಲ್ಲಿ, ಅದನ್ನು ಮಾಡಿದ್ದು ನೀನೇ ಎಂದು ಕಿರುಚಿ ಗದರಿಸಿದರು. ತಾನಲ್ಲ, ತಾನಲ್ಲ ಎಂದು ಮಗು ಅಳುತ್ತಾ ಗೋಗರೆಯಿತು. 2017ರ ಏಪ್ರಿಲ್‌ನಲ್ಲಿ ಈ ಚಿತ್ರ ನೋಡಿದ ಜನ ರೊಚ್ಚಿಗೆದ್ದರು. ಆ ತಂದೆಯ ಇಬ್ಬರು ಮಕ್ಕಳನ್ನು ಅವರ ಹೆತ್ತ ತಾಯಿಯ ವಶಕ್ಕೆ ಕೊಡಲಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಮಕ್ಕಳನ್ನು ನಿರ್ಲಕ್ಷಿಸಿದ ಅಪರಾಧಕ್ಕಾಗಿ ಕೋರ್ಟು ದಂಪತಿಯನ್ನು 5 ವರ್ಷ ಕಾಲ ಪರಿವೀಕ್ಷಣೆಯಲ್ಲಿಟ್ಟಿತು.

2019ರ ಜನವರಿಯಲ್ಲಿ ಯೂಟ್ಯೂಬ್ ತನ್ನ ನಿಯಮವನ್ನು ಬಿಗಿಗೊಳಿಸಿತು. ಮಕ್ಕಳ ಮನಸ್ಸಿಗೆ ತೀವ್ರ ಆಘಾತ ಉಂಟುಮಾಡುವ ತಮಾಷೆಗಳಿಗೆ ಜಾಗವಿಲ್ಲ ಎಂದಿತು. ತಂದೆಯೋ ತಾಯಿಯೋ ಸತ್ತಂತೆ ನಟಿಸುವುದು, ಮಗುವನ್ನು ತೊರೆದು ಹೋದಂತೆ ತೋರಿಸುವುದು, ತಪ್ಪಿಗಾಗಿ ಅವಮಾನಿಸುವುದು ಇದಕ್ಕೆ ಅದು ಕೊಟ್ಟ ಉದಾಹರಣೆಗಳು. ಸತ್ತಂತೆ ನಟಿಸಬೇಡಿ ಎಂದು ಹೆತ್ತವರಿಗೆ ಒಂದು ಕಂಪೆನಿ ಬರೆದು ತಿಳಿಸಬೇಕಾಯಿತು ಎಂದರೆ ಪರಿಸ್ಥಿತಿ ಎಲ್ಲಿಗೆ ತಲುಪಿತ್ತೆಂದು ನೀವೇ ಊಹಿಸಿ! ಆದರೂ ಈ ಹುಚ್ಚು ನಿಲ್ಲಲಿಲ್ಲ. 2023ರಲ್ಲಿ, ಅಡುಗೆ ಮಾಡೋಣ ಬಾ ಎಂದು ಪುಟ್ಟ ಮಕ್ಕಳನ್ನು ಪ್ರೀತಿಯಿಂದ ಕರೆದು, ಅವರ ಹಣೆಗೇ ಮೊಟ್ಟೆ ಕುಕ್ಕಿ ಒಡೆಯುವ ಚಿತ್ರಗಳು ಟಿಕ್‌ಟಾಕ್‌ನಲ್ಲಿ ಹರಿದಾಡಿದವು. ನೋವಿಗಿಂತ ಹೆಚ್ಚಾಗಿ ಆ ಮಕ್ಕಳ ಮುಖದಲ್ಲಿ ಕಾಣುತ್ತಿದ್ದುದು ದಿಗ್ಭ್ರಮೆ. ಯಾಕೆ ಕರೆದರು, ಯಾಕೆ ಹೀಗೆ ಮಾಡಿದರು?

ನಮ್ಮ ದೇಶದಲ್ಲಿ ಟಿವಿ, ಸಿನಿಮಾಗಳಲ್ಲಿ ಕಲಾವಿದರಾಗಿ ಕೆಲಸ ಮಾಡುವ ಮಕ್ಕಳಿಗೆ ಕಾನೂನಿನ ರಕ್ಷಣೆಯಿದೆ. ಬಾಲ ಕಾರ್ಮಿಕ ನಿಯಮಗಳಿಗೆ 2017ರಲ್ಲಿ ತಂದ ತಿದ್ದುಪಡಿಯಂತೆ, ಮಗುವನ್ನು ಬಳಸಿಕೊಳ್ಳುವ ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಯ ಅನುಮತಿ ಪಡೆಯಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಗಳಿಕೆಯಲ್ಲಿ ಕನಿಷ್ಠ ಶೇ. 20ನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿಡಬೇಕು. ಮಗುವಿನ ಇಚ್ಛೆಗೂ ಒಪ್ಪಿಗೆಗೂ ವಿರುದ್ಧವಾಗಿ ಅದನ್ನು ಭಾಗವಹಿಸುವಂತೆ ಮಾಡುವಂತಿಲ್ಲ. ಈ ಕೊನೆಯ ಮಾತನ್ನು ಗುಪ್ತ ಕ್ಯಾಮೆರಾಕ್ಕೆ ಹೋಲಿಸಿ ನೋಡಿ. ಮೊದಲೇ ಹೇಳಿ ಒಪ್ಪಿಗೆ ಕೇಳಿದರೆ ತಮಾಷೆಯೇ ಇಲ್ಲ. ಒಪ್ಪಿಗೆ ಇಲ್ಲದಿರುವುದೇ ಅದರ ಜೀವಾಳ. ಇನ್ನು ಮನೆಯೊಳಗಿನ ಮೊಬೈಲ್ ಬಳಿಗೆ ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ಮಗುವಿನ ಪರವಾಗಿ ಬೇಡವೆನ್ನಬೇಕಾದ ಅಧಿಕಾರಿ ನೀವೇ.

ನಮ್ಮ ಮನೆಗಳಲ್ಲಿ

ಅದೆಲ್ಲ ಅಮೆರಿಕದವರ ಹುಚ್ಚಾಟ, ನಮ್ಮಲ್ಲಿಲ್ಲ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಿನ್ನನ್ನು ನಾವು ಹೆತ್ತದ್ದಲ್ಲ, ತೌಡು ಕೊಟ್ಟು ತಂದದ್ದು ಎಂದು ಮಕ್ಕಳನ್ನು ಕಾಡಿಸುವುದು ನಮ್ಮಲ್ಲಿ ಹಳೆಯ ರೂಢಿ. ಗುಮ್ಮನ ಭಯ, ಪೊಲೀಸರ ಭಯ, ಇಂಜೆಕ್ಷನ್ ಭಯ ತೋರಿಸಿ ಉಣಿಸುವುದು ಇಂದಿಗೂ ಇದೆ. ಆದರೆ ಹಿಂದೆ ಮಗು ಅತ್ತ ಕೂಡಲೇ ಅಜ್ಜಿಯೋ ದೊಡ್ಡಮ್ಮನೋ ಎತ್ತಿಕೊಂಡು, ಕಾಡಿಸಿದವನಿಗೆ ಒಂದೇಟು ಹೊಡೆದಂತೆ ಮಾಡುತ್ತಿದ್ದರು. ಅಳು ಅಲ್ಲಿಗೆ ಮುಗಿಯುತ್ತಿತ್ತು. ಈಗ ಅಳು ಮುಗಿಯಲು ಬಿಡುವುದಿಲ್ಲ. "ಎತ್ತಬೇಡಿ, ಎತ್ತಬೇಡಿ, ಇನ್ನೂ ಸ್ವಲ್ಪ ತೆಗೀತೇನೆ" ಎನ್ನುವವರಿದ್ದಾರೆ. ಮದುವೆ ಮನೆಯಲ್ಲಿ, ಈದ್ ದಿನ ನೆಂಟರೆಲ್ಲ ಸೇರಿದಲ್ಲಿ, ರಬ್ಬರ್ ಹಲ್ಲಿ ಎಸೆದು ಕೂಸನ್ನು ಹೆದರಿಸಿ, ಆ ಚಿತ್ರವನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಎಷ್ಟು ಹೊತ್ತಿನ ಕೆಲಸ? ಅಲ್ಲಿಂದ ಅದು ಮಸ್ಕತ್ತಿಗೂ ದಮ್ಮಾಮಿಗೂ ಹೋಗುತ್ತದೆ. ಅಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಯಾರಿಗೂ ತಿಳಿಯದು. ಹತ್ತು ವರ್ಷ ಕಳೆದು, ಹೈಸ್ಕೂಲಿಗೆ ಹೋಗುವ ಆ ಹುಡುಗಿಯ ಮುಂದೆ ಸಹಪಾಠಿಯೊಬ್ಬಳು ಅದನ್ನು ತೆರೆದು ತೋರಿಸಿದರೆ?

ಹಾಗಾದರೆ ಮಕ್ಕಳೊಂದಿಗೆ ತಮಾಷೆಯೇ ಬೇಡವೇ? ಖಂಡಿತ ಬೇಕು. ತಮಾಷೆ ಇಲ್ಲದ ಮನೆ ಮನೆಯೇ ಅಲ್ಲ. ಅಡಗಿ ಕುಳಿತು 'ಭೌ' ಎನ್ನುವಾಗ ಕೇಕೆ ಹಾಕಿ ನಗುವ ಕೂಸು, "ಇನ್ನೊಮ್ಮೆ, ಇನ್ನೊಮ್ಮೆ" ಎನ್ನುತ್ತದೆ. ಅದೇ ಗುರುತು. ಇನ್ನೊಮ್ಮೆ ಎಂದು ಮಗು ಕೇಳಿದರೆ ಅದು ಆಟ. ಮಗು ಕೇಳದೆ, ಸುತ್ತ ನಿಂತವರು ಮಾತ್ರ ಇನ್ನೊಮ್ಮೆ ಎಂದರೆ ಅದು ಆಟವಲ್ಲ.

ಅಡಗಿಸಿಟ್ಟ ಕ್ಯಾಮೆರಾವೆಲ್ಲ ಕೆಟ್ಟದ್ದೆಂದೂ ಅಲ್ಲ. ಜಪಾನಿನ ನಿಪ್ಪಾನ್ ಟಿವಿಯಲ್ಲಿ 1991ರಿಂದ 'ಹಜಿಮೆತೆ ನೊ ಒತ್ಸುಕಾಯ್' ಎಂಬ ಕಾರ್ಯಕ್ರಮ ಬರುತ್ತಿದೆ. ಮೊದಲ ಸಲ ಒಬ್ಬರೇ ಅಂಗಡಿಗೆ ಹೋಗುವುದು ಎಂದು ಅದರ ಅರ್ಥ. 2022ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಅದು ಹೊರ ದೇಶಗಳಿಗೂ ತಲುಪಿತು. ಅದರಲ್ಲಿ 2 ವರ್ಷ 9 ತಿಂಗಳ ಒಬ್ಬ ಪುಟ್ಟ ಹುಡುಗ, ರಸ್ತೆ ದಾಟುವಾಗ ಕೈಯಲ್ಲಿ ಹಳದಿ ಬಾವುಟ ಹಿಡಿದು, ಒಂದು ಕಿಲೋಮೀಟರ್ ದೂರದ ಅಂಗಡಿಗೆ ನಡೆದು ಹೋಗಿ ತಾಯಿ ಹೇಳಿದ ಸಾಮಾನು ತರುತ್ತಾನೆ. ದಾರಿಯನ್ನು ಮೊದಲೇ ಪರೀಕ್ಷಿಸಲಾಗಿರುತ್ತದೆ. ದಾರಿಹೋಕರ ವೇಷದಲ್ಲಿ ತಂಡದವರು ಕ್ಯಾಮೆರಾ ಅಡಗಿಸಿಕೊಂಡು ಹಿಂದೆ ಮುಂದೆ ಇರುತ್ತಾರೆ. ಮೂರು ವರ್ಷ ತುಂಬದ ಮಗುವನ್ನು ಹೀಗೆ ಕಳುಹಿಸಬೇಕೇ, ಅದರ ಆತಂಕವನ್ನು ಲೋಕಕ್ಕೆ ತೋರಿಸಬೇಕೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಆದರೂ ಒಂದು ವ್ಯತ್ಯಾಸವನ್ನು ಗಮನಿಸಿ. ಅಲ್ಲಿ ತಾಯಿ ಕೊಟ್ಟ ಮಾತು ಸುಳ್ಳಾಗುವುದಿಲ್ಲ. ನಿನ್ನಿಂದ ಆಗುತ್ತದೆ, ಹೋಗಿ ಬಾ ಎನ್ನುತ್ತಾಳೆ. ಮಗು ಹಿಂದಿರುಗಿ ಬರುವಾಗ ಬಾಗಿಲಲ್ಲಿ ನಿಂತು ಕಾಯುತ್ತಿರುತ್ತಾಳೆ. ನೋಡುವವರು ಮಗು ಸೋಲಲೆಂದು ಬಯಸುವುದಿಲ್ಲ, ಗೆಲ್ಲಲೆಂದು ಹಾರೈಸುತ್ತಾರೆ. ಮಿಠಾಯಿಯ ತಮಾಷೆಯಲ್ಲಿ ಮಗು ಅಳದಿದ್ದರೆ ಕಾರ್ಯಕ್ರಮವೇ ಸೋತಂತೆ!

ನಾವೇನು ಮಾಡಬಹುದು?

ಮೊದಲನೆಯದಾಗಿ, ಇಂಥ ಚಿತ್ರಗಳು ಟಿವಿಯಲ್ಲೋ ಮೊಬೈಲಿನಲ್ಲೋ ಬಂದಾಗ ಮಕ್ಕಳೊಂದಿಗೆ ಕುಳಿತು ನಕ್ಕು ಬಿಡಬೇಡಿ. "ಆ ಪಾಪುವಿಗೆ ಆಗ ಏನನಿಸಿರಬಹುದು?" ಎಂದು ಕೇಳಿ. ಉಪದೇಶ ಬೇಡ, ಪ್ರಶ್ನೆ ಸಾಕು. ಮಕ್ಕಳ ಉತ್ತರ ಕೇಳಿ ನೀವೇ ಬೆರಗಾಗುವಿರಿ. ಇತರರ ನೋವಿಗೆ ನಗುವ ಅಭ್ಯಾಸ ಬೆಳೆಯುವುದೂ ಇಲ್ಲೇ, ನಿಲ್ಲುವುದೂ ಇಲ್ಲೇ. ಇಂದು ತಮ್ಮನನ್ನು ಬಕ್ರಾ ಮಾಡಿ ನಕ್ಕವನು ನಾಳೆ ತರಗತಿಯ ಬಡ ಹುಡುಗನನ್ನು ಹುಡುಕುತ್ತಾನೆ.

ಎರಡನೆಯದಾಗಿ, ಮೂರು ಸುಳ್ಳುಗಳನ್ನು ತಮಾಷೆಗೂ ಆಡಬೇಡಿ. ನಿನ್ನನ್ನು ಬಿಟ್ಟು ಹೋಗುತ್ತೇನೆ ಎಂಬುದು, ನೀನು ನಮ್ಮ ಮಗುವಲ್ಲ ಎಂಬುದು, ಅಪ್ಪನಿಗೋ ಉಮ್ಮನಿಗೋ ಏನೋ ಆಗಿದೆ ಎಂಬುದು. ತಂದೆ ದೂರದ ಊರಿನಲ್ಲಿ ದುಡಿಯುವ ಮನೆಗಳಲ್ಲಂತೂ, ಈ ಸಲ ಅಪ್ಪ ಬರುವುದಿಲ್ಲವಂತೆ ಎಂದು ಕಾಡಿಸುವುದು ಕ್ರೂರವಾದ ತಮಾಷೆ. ವರ್ಷವಿಡೀ ದಿನ ಎಣಿಸಿದ ಮಗುವಿನ ಮುಂದೆ ಆ ಮಾತು ಆಡಿ, ಹಿಂದಿನಿಂದ ಅಪ್ಪನನ್ನು ನಿಲ್ಲಿಸಿ ಚಿತ್ರ ತೆಗೆಯುವ ಬದಲು, ಮಗುವನ್ನೂ ವಿಮಾನ ನಿಲ್ದಾಣಕ್ಕೆ ಕರೆದೊಯ್ಯಿರಿ. ಕಾದು ಕಾದು ಅಪ್ಪನನ್ನು ಕಾಣುವ ಸಂತೋಷಕ್ಕೆ ಸುಳ್ಳಿನ ಒಗ್ಗರಣೆ ಬೇಕಾಗಿಲ್ಲ.

ಮೂರನೆಯದು ಸ್ವಲ್ಪ ಕಷ್ಟದ್ದು. ಕಾಡಿಸುವವರು ಮನೆಯ ಹಿರಿಯರೋ ಮೈದುನನೋ ಆಗಿದ್ದಾಗ ಸೊಸೆಯಾದವಳಿಗೆ ಬಾಯಿ ತೆರೆಯುವುದು ಸುಲಭವಲ್ಲ. ತಮಾಷೆ ಗೊತ್ತಿಲ್ಲದವಳು ಎಂಬ ಬಿರುದು ಸಿಗುತ್ತದೆ. ವಾದ ಮಾಡಬೇಕಾಗಿಲ್ಲ. ಎದ್ದು ಹೋಗಿ ಮಗುವನ್ನು ಎತ್ತಿಕೊಳ್ಳಿ, ಅಷ್ಟೇ. "ಹೆದರಿದ್ದಾನೆ, ನಾನು ಕರೆದುಕೊಂಡು ಹೋಗುತ್ತೇನೆ" ಎಂದರೆ ಯಾರಿಗೂ ಅವಮಾನವಾಗುವುದಿಲ್ಲ. ಮಗುವಿಗೆ ಬೇಕಾದದ್ದು ನೀವು ಹಿರಿಯರೊಂದಿಗೆ ಜಗಳವಾಡಿ ಗೆಲ್ಲುವುದಲ್ಲ. ಎಲ್ಲರೂ ನಗುವಾಗ ನಗದ ಒಂದು ಮುಖ ಅದಕ್ಕೆ ಕಾಣಿಸಬೇಕು. ಆ ಮುಖ ನಿಮ್ಮದಾಗಿರಲಿ. ಆಮೇಲೆ ಗಂಡನೊಂದಿಗೆ ನಿಧಾನವಾಗಿ ಮಾತಾಡಿ. ತಮ್ಮನಿಗೋ ಮಾವನಿಗೋ ಹೇಳುವುದು ಅವರಿಗೆ ನಿಮಗಿಂತ ಸುಲಭ.

ಈಗಾಗಲೇ ಹೆದರಿದ ಮಗುವಿಗೆ, ಇದು ಬರೀ ತಮಾಷೆ, ಅಳುವುದೇಕೆ ಎಂದು ಹೇಳಬೇಡಿ. "ನಿನಗೆ ಹೆದರಿಕೆಯಾಯಿತು ಅಲ್ಲವೇ? ಹಾಗೆ ಮಾಡಬಾರದಿತ್ತು" ಎನ್ನಿ. ಮಗುವಿನ ಮುಂದೆ ಹಾಗೆ ಹೇಳಿದರೆ ದೊಡ್ಡವರು ಸಣ್ಣವರಾಗುವುದಿಲ್ಲ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಈ ಪುಟವನ್ನು ಓದಿ ಮುಗಿಸಿದ ಮೇಲೆ, ಬಿಡುವಿದ್ದಾಗ ನಿಮ್ಮ ಮೊಬೈಲಿನ ಚಿತ್ರಗಳನ್ನು ಒಮ್ಮೆ ನೋಡಿ. ನಿಮ್ಮ ಮಗು ಅಳುತ್ತಿರುವ, ಹೆದರಿ ಕಿರುಚುತ್ತಿರುವ, ಹಿಂದಿನಿಂದ ಯಾರದೋ ನಗು ಕೇಳಿಸುವ ಚಿತ್ರ ಅದರಲ್ಲಿರಬಹುದು. ಧ್ವನಿ ಹೆಚ್ಚಿಸಿ ಇನ್ನೊಮ್ಮೆ ಕೇಳಿ. ಮಗು ಯಾರನ್ನು ಕರೆಯುತ್ತಿದೆ? ಅದನ್ನು ಕೇಳಿದ ಮೇಲೆ ಆ ಚಿತ್ರವನ್ನು ಏನು ಮಾಡಬೇಕೆಂದು ನಿಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ.